ತಿದಿ ತುಳಿಯುವವನ ತೂಕ

ನನ್ನ ಗಂಡ ಫೊಕ್ಕೊ ತೆಳ್ಳಗಾಗಕೂಡದು ಎಂದು ನಮ್ಮ ಚರ್ಚಿನ ಸಮಿತಿ ಠರಾವು ಮಾಡಿತು. ಸಮಿತಿಯವರೇನೂ ಕುಡಿದಿರಲಿಲ್ಲ. ಬರೀ ಚಹಾ, ಅದೂ ಕಲ್ಲುಸಕ್ಕರೆ ಹಾಕಿದ್ದು.

ಪೂರ್ವ ಫ್ರೀಸಿಯಾ ಸೀಮೆಯ ನಮ್ಮ ಊರಿನ ಆರ್ಗನ್ನಿಗೆ ಮುನ್ನೂರು ವರ್ಷ. ಅದಕ್ಕೆ ಕರೆಂಟು ಮುಟ್ಟಿಸುವಂತಿಲ್ಲ. ಹಿಂದುಗಡೆ ಯಾರಾದರೂ ನಿಂತು ದೊಡ್ಡ ತಿದಿಗಳ ಹಲಗೆ ತುಳಿದರೆ ಮಾತ್ರ ಕೊಳವೆಗಳಿಗೆ ಗಾಳಿ. ಅಪ್ಪ, ಅಜ್ಜನಂತೆ ಫೊಕ್ಕೊನೂ ಆ ಕೆಲಸಕ್ಕೇ ಹುಟ್ಟಿದವನು. ಅವನು ಕಾಲಿಟ್ಟರೆ ಹಲಗೆ ಮರುಮಾತಿಲ್ಲದೆ ಕೆಳಗಿಳಿಯುತ್ತಿತ್ತು. ಆದರೆ ಈ ಚಳಿಗಾಲ ಡಾಕ್ಟರು, "ತೂಕ ಇಳಿಸು, ಇಲ್ದಿದ್ರೆ ಬೇಗ್ನೆ ನಿನ್ನನ್ನೇ ಗುಂಡಿಗೆ ಇಳಿಸ್ತಾರೆ" ಎಂದುಬಿಟ್ಟರು.

ನನಗೆ ಗಂಡ ಬೇಕಿತ್ತು. ಬೆಣ್ಣೆ, ಸಾಸೇಜು ಇದ್ದ ಕಪಾಟಿಗೆ ಬೀಗ ಜಡಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಊರೆಲ್ಲ ನನ್ನ ಮೇಲೆ ಹರಿಹಾಯ್ದಿತು. ಆರ್ಗನ್ ನುಡಿಸುವ ಮೆನ್ನೊ ಮಾಸ್ತರು ಬಾಗಿಲಿಗೇ ಬಂದರು.

"ಗೆಶೆ, ಈಸ್ಟರ್ ಆರಾಧನೆ ಮುಗಿಯೋತನಕ ಅವನನ್ನ ತಿನ್ನೋಕೆ ಬಿಡಮ್ಮ. ಆ ಹಳೇ ಸ್ತುತಿಗೀತೆ ತುಂಬಾ ಗಾಳಿ ಕುಡಿಯುತ್ತೆ."

"ನೀವೇ ತಿಂದು ತುಳೀರಿ ಮಾಸ್ತರೇ."

"ನಾನು ತುಳಿದ್ರೆ ನುಡಿಸೋರು ಯಾರು?"

ಮರುದಿನದಿಂದ ಊರಿಗೆ ಊರೇ ಫೊಕ್ಕೊನಿಗೆಂದು ಕೇಕು ಹೊತ್ತು ತರತೊಡಗಿತು. ಪಾದ್ರಿಗಳ ಹೆಂಡತಿಯಂತೂ ದಿನ ಬಿಟ್ಟು ದಿನ ಕೆನೆ ಕೇಕು ತರುತ್ತಿದ್ದಳು. ತಿನ್ನುವ ವಸ್ತುವನ್ನು ಎಸೆಯುವ ಮನೆತನ ನನ್ನದಲ್ಲ. ಅವನ ಕಣ್ಣಿಗೆ ಬೀಳದ ಹಾಗೆ ಅಡುಗೆಮನೆಯಲ್ಲಿ ನಿಂತುಕೊಂಡೇ ಎಲ್ಲ ಖಾಲಿ ಮಾಡಿದೆ.

ಫೊಕ್ಕೊನ ತೂಕ ಇಳಿಯಿತು. ಮುಖಕ್ಕೆ ಬಣ್ಣ ಬಂತು, ಏದುಸಿರು ನಿಂತಿತು. ಆದರೂ ಮೂಲೆಯಲ್ಲಿ ಮಂಕಾಗಿ ಕೂರುತ್ತಿದ್ದ. "ತಿದಿ ಬಿಟ್ರೆ ನಾನ್ಯಾರೇ?" ಎಂದ. ನಾನು ಹೋಗಿ ಕಪಾಟಿನ ಬೀಗ ಇನ್ನೊಮ್ಮೆ ಎಳೆದು ನೋಡಿದೆ.

ಈಸ್ಟರ್ ದಿನ ತೂಕಕ್ಕೆಂದು ಕೋಟಿನ ಜೇಬುಗಳಿಗೆ ಆಲೂಗಡ್ಡೆ ತುಂಬಿಕೊಂಡು ಆರ್ಗನ್ನಿನ ಅಟ್ಟ ಹತ್ತಿದ. ಮೊದಲ ಚರಣ ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ ಜೇಬು ಹರಿಯಿತು. ಆಲೂಗಡ್ಡೆಗಳು ಮೆಟ್ಟಿಲ ಮೇಲಿಂದ ದಡದಡನೆ ಉರುಳಿ ಪಾದ್ರಿಗಳ ಕಾಲಬುಡಕ್ಕೆ ಬಂದವು. ಆರ್ಗನ್ ಹಸಿದ ಕರುವಿನಂತೆ ನರಳಿ ಸ್ವರ ತಪ್ಪಿತು. ಪಾದ್ರಿಗಳು ಒಂದು ಆಲೂಗಡ್ಡೆ ಎತ್ತಿಕೊಂಡು ಆಶೀರ್ವದಿಸಿದರು. ಬೇರೇನು ಮಾಡಬೇಕೆಂದು ಅವರಿಗೂ ತೋಚಲಿಲ್ಲ.

ನಾನು ಲಂಗ ಎತ್ತಿ ಹಿಡಿದು ಮೇಲೆ ಓಡಿದೆ. ಫೊಕ್ಕೊ ಹಲಗೆಯ ಮೇಲೆ ಕುಪ್ಪಳಿಸುತ್ತಿದ್ದ. ಹಲಗೆ ಅಲ್ಲಾಡುತ್ತಿರಲಿಲ್ಲ. ಅವನ ಕಣ್ಣಲ್ಲಿ ನೀರು.

"ಇಳಿ ಮಾರಾಯ!"

"ನಿನ್ ಕೈಲಾಗಲ್ಲ ಕಣೇ."

ನಾನು ಕಾಲಿಟ್ಟೆ. ಹಲಗೆ ಮರುಮಾತಿಲ್ಲದೆ ಕೆಳಗಿಳಿಯಿತು. ಊರಿನವರ ಕೇಕೆಲ್ಲ ಒಟ್ಟಿಗೇ ದೇವರ ಕೆಲಸಕ್ಕೆ ಬಂತು.

ಆರಾಧನೆ ಮುಗಿಸಿ ಕೆಳಗೆ ಬಂದಾಗ ಫೊಕ್ಕೊ ಬೆಂಚಿನಲ್ಲಿ ನನ್ನ ಜಾಗದಲ್ಲೇ ಬಾಯಿ ತೆರೆದು ಕೂತಿದ್ದ. ನಾನು ಮುಟ್ಟಿದ ಮೇಲೆಯೇ ಈ ಲೋಕಕ್ಕೆ ಬಂದ.

"ಅಲ್ಲಿ ಹಿಂದೆ ಬರೀ ತಿದಿ ಚರ್ಮದ ಕಿರಕಿರ ಕೇಳ್ತಿತ್ತು ಗೆಶೆ. ಇಷ್ಟು ವರ್ಷ ಈ ಸಂಗೀತಾನ ನಾನು ಕೇಳೇ ಇಲ್ವಲ್ಲೇ."

ಸಂಜೆ ಚಹಾದ ಹೊತ್ತಿಗೆ ತಾನು ಒಣ ರೊಟ್ಟಿ ಮುರಿದುಕೊಂಡು, ನನ್ನ ತಟ್ಟೆಗೆ ಎರಡು ತುಂಡು ಕೇಕು ಹಾಕಿದ.

"ತಿನ್ನೇ. ಮುಂದಿನ ಭಾನುವಾರನೂ ನಾನು ಕೇಳ್ಬೇಕು."