ಮಾದಿಯ ತುಟಿ

ಸಮಾಧಿ ಗುಂಡಿಯ ಗೂಡಿನಲ್ಲಿ ಹೆಣವನ್ನು ಕೂರಿಸುವಾಗ ಪೇಂಟರ್ ವೃಷಭೇಂದ್ರನ ತಲೆ ಒಂದು ಕಡೆ ವಾಲಿತು.

"ನೆಟ್ಟಗೆ ಕೂರ್ಸ್ರಲಾ," ಚಿಕ್ಕಬಸಪ್ಪ ಮೇಲಿನಿಂದ ಗದರಿದ. "ಊರ್ನಲ್ಲಿ ಸತ್ತೋರ್ನೆಲ್ಲ ನೆಟ್ಟಗೆ ಕೂರ್ಸ್ದೋನು ಕಣ್ಲಾ ಅವ್ನು."

ಫೋಟೊ ಇಲ್ಲದೆ ಸತ್ತವರನ್ನು ಮನೆಯವರ ಬಾಯಿಮಾತು ಕೇಳಿ ಬರೆಯುವುದು ವೃಷಭೇಂದ್ರನ ಕಸುಬು. ಒಮ್ಮೆ ಪ್ರದರ್ಶನಕ್ಕೆ ಒಯ್ದ ಚೆನ್ನೈಯವರು ಅದನ್ನು ಕಲೆ ಎಂದರು. ಅವನ ಊರು ಗೆಟ್ಟವಾಡಿಯವರು ಮೊಳೆ ಹೊಡೆದು ನೇತುಹಾಕಿ ಹೂ ಮುಡಿಸಿದರು.

"ನಮ್ಮಪ್ಪನ್ನ ನಗ್ತಾ ಇರಂಗೆ ಬರ್ದ," ಎಂದ ಚಿಕ್ಕಬಸಪ್ಪ, ಪಕ್ಕದಲ್ಲಿದ್ದ ರುದ್ರಸ್ವಾಮಿಗೆ. "ಆವಯ್ಯ ಬದ್ಕಿರಗಂಟ ನಕ್ಕುದ್ ನಾ ಕಾಣೆ. ಈಗ ಮೊಮ್ಮಕ್ಳು, ಮುತ್ತಾತ ಬೋ ಒಳ್ಳೇವ್ನು ಅಂತವೆ. ನಂಗೂ ಈಗ ಅಂಗೇ ಅನ್ನುಸ್ತದೆ ಕಣ."

ಕೂಲಿಯ ಕೆಂಚಮ್ಮ ಬೇಲಿಯಾಚೆ ನಿಂತಿದ್ದಳು. ಕಂಕುಳಲ್ಲಿ ಹಳೆ ಸೀರೆ ಸುತ್ತಿದ, ಗಾಜು ಹಾಕಿಸಿದ ಚಿತ್ರ. ಏಳು ವರ್ಷಕ್ಕೇ ಜ್ವರದಲ್ಲಿ ಹೋದ ಮಗಳು ಮಾದಿಯದು.

*

"ಮೂಗು ಯಾರಂಗಿತ್ತು?" ಎಂದು ಆ ಚಿತ್ರ ಬರೆಯುವ ಮೊದಲು ವೃಷಭೇಂದ್ರ ಅವಳನ್ನು ಕೇಳಿದ್ದ.

"ನನ್ನಂಗೆ, ಬುದ್ಧಿ."

"ಕಣ್ಣು?"

"ಅವ್ರಪ್ಪನಂಗೆ. ಅವ್ರಪ್ಪನ್ ಕಣ್ಣು ಎಂಗಿತ್ತು ಅಂತ ಕೇಳ್ಬೇಡಿ. ಅವ್ನು ನನ್ ಮಖ ನೋಡ್ದೋನೇ ಅಲ್ಲ."

ಚಿತ್ರ ಕೈಗೆ ಬಂದಾಗ ಕೆಂಚಮ್ಮ ತಡವರಿಸಿದಳು. "ತುಟಿ ಒಂದ್ ಕಡೀಕೆ ಸೊಟ್ಟ ಇತ್ತು ಬುದ್ಧಿ, ಕುಡ್ದ ಗಂಜಿ ಅಲ್ಲೇ ಸೋರದು. ಏಳಿದ್ನಲ್ಲ?"

"ಗೊತ್ತು ಕಣವ್ವ. ಬದ್ಕಿದ್ದಾಗ ಎಲ್ರೂ ಸೊಟ್ಟಬಾಯಿ ಅಂದ್ರಂತಲ್ಲ. ಇಲ್ಲಾದ್ರೂ ನೆಟ್ಟಗಿರ್ಲಿ."

ಆಗ ಅದು ಅವಳಿಗೂ ಸರಿಯೆನಿಸಿತು. ಹತ್ತು ವರ್ಷ ದಿನಾ ನೋಡಿದಳು. ಈ ದೀಪಾವಳಿಗೆ ಕಣ್ಣು ಮುಚ್ಚಿ ಮಗಳನ್ನು ನೆನೆದರೆ, ಬಂದದ್ದು ನೆಟ್ಟ ತುಟಿಯ ಯಾರೋ ಹುಡುಗಿ. ಸೊಟ್ಟ ಯಾವ ಕಡೆಗಿತ್ತೆಂಬುದೇ ಹೊರಟುಹೋಗಿತ್ತು. ವೃಷಭೇಂದ್ರನಲ್ಲಿಗೆ ಓಡಿಹೋಗಿ ಕೇಳಿದಳು.

"ನಂಗೆ ನೆಪ್ಪದೆ ಕಣವ್ವ. ಸೋಮಾರ ಬಂದು ತಿದ್ದುಕೊಡ್ತೀನಿ," ಎಂದಿದ್ದ.

ಭಾನುವಾರ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಇವತ್ತು ಸೋಮವಾರ.

*

ವೃಷಭೇಂದ್ರನ ಮಗಳು ಶಾಂಭವಿ ಅತ್ತು ಊದಿದ ಮುಖದಲ್ಲೇ ಬೇಲಿಯ ಹತ್ತಿರ ಬಂದಳು.

"ಏನ್ ಕೆಂಚಮ್ಮ, ಬಿಸ್ಲಲ್ಲಿ ನಿಂತಿದ್ದೀಯ?"

"ನಿಮ್ಮಪ್ಪಾರು ಎಲ್ಲಾದ್ರೂ ಬರ್ದಿಟ್ಟವ್ರಾ ಅವ್ವ, ನನ್ ಮಗ್ಳ ತುಟಿ ಸೊಟ್ಟ ಎಡಕ್ಕಾ ಬಲಕ್ಕಾ ಅಂತ?"

"ಇಲ್ಲ ಕಣಮ್ಮ. ಅಪ್ಪ ಎಲ್ಲಾನೂ ತಲೇಲೇ ಮಡಗ್ತಿದ್ರು."

ಇಬ್ಬರೂ ಗುಂಡಿಯ ಕಡೆ ನೋಡಿದರು. ಕೆಂಚಮ್ಮ ಸುತ್ತಿದ್ದ ಸೀರೆ ಬಿಚ್ಚಿ, ಅವನಿಗೆ ಕೊನೆಗೊಮ್ಮೆ ತೋರಿಸುವವಳಂತೆ ಚಿತ್ರವನ್ನು ಎತ್ತಿ ಹಿಡಿದಳು.

ಜನ ಹಿಡಿಹಿಡಿಯಾಗಿ ವಿಭೂತಿ ಸುರಿದರು. ಗಾಳಿಗೆ ಅದು ಬೇಲಿ ದಾಟಿ ಬಂದು ಗಾಜಿನ ತುಂಬ ಕೂತಿತು. ಕೆಂಚಮ್ಮ ಗುಂಡಿಯಿಂದ ಕಣ್ಣು ಕೀಳದೆ ಚಿತ್ರವನ್ನು ಸೊಂಟಕ್ಕೆ ಇಳಿಸಿಕೊಂಡು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. ಹಣೆ, ಕೆನ್ನೆ, ಕಣ್ಣು ಬೂದಿಯೊಳಗೇ ಉಳಿದವು. ಬೆರಳು ನೇರ ಬಾಯಿಯ ಎಡತುದಿಗೆ ಹೋಗಿ, ಅಲ್ಲಿಂದ ಸೋರಿದ ಗಂಜಿಯನ್ನು ಒರೆಸುವ ಹಾಗೆ, ಅದೊಂದನ್ನೇ ಮೆಲ್ಲಗೆ ಒರೆಸುತ್ತಿತ್ತು.