ಪರದೆಯ ಮೇಲೆ ‘ಡೆಡ್’

ಮುನಿರಾಬಾದಿನ ಕಚೇರಿಯೊಂದರಲ್ಲಿ ರಂಜಿತಾ ತನ್ನ ಮೊದಲ ಸ್ವಂತ ಸಾಫ್ಟ್‌ವೇರನ್ನು ಅಧಿಕಾರಿಗಳಿಗೆ ತೋರಿಸುತ್ತಿದ್ದಳು. ಕಾಲುವೆಯ ಪ್ರತಿ ಗೇಟಿನ ನೀರಿನ ಮಟ್ಟ, ಪಕ್ಕದಲ್ಲಿ ಕಾವಲುಗಾರನ ಹೆಸರು ಪರದೆಯ ಮೇಲೆ ಮೂಡುತ್ತಿದ್ದವು. ಹೊರಗೆ ಜಡಿಮಳೆ. ಕೊಪ್ಪಳದ ಹುಡುಗಿಗೆ ಇಂಥ ಕೆಲಸ ಒಪ್ಪಿಸಬಹುದೇ ಎಂದು ಅನುಮಾನಿಸಿದ್ದವರೆಲ್ಲ ಎದುರಿಗೇ ಕುಳಿತಿದ್ದರು.

ಇದ್ದಕ್ಕಿದ್ದಂತೆ ಒಂದು ಸಾಲು ಕೆಂಪಾಯಿತು. ಬಡೇಸಾಬ ಎಂಬ ಹೆಸರಿನ ಪಕ್ಕ ಇಂಗ್ಲಿಷಿನಲ್ಲಿ ‘ಡೆಡ್’!

ರಂಜಿತಾಳಿಗೆ ಆ ಪದದ ಗುಟ್ಟು ಗೊತ್ತಿತ್ತು. ಕಂಪ್ಯೂಟರಿನ ಹದಿನಾರರ ಲೆಕ್ಕದಲ್ಲಿ ಅಂಕಿಗಳ ಜೊತೆ ‘ಎ’ಯಿಂದ ‘ಎಫ್’ವರೆಗಿನ ಅಕ್ಷರಗಳೂ ಬರುತ್ತವೆ. ಅವನ್ನು ಜೋಡಿಸಿ ಪದ ಕಟ್ಟುವುದು ಪ್ರೋಗ್ರಾಮು ಬರೆಯುವವರ ಹಳೆಯ ಹುಡುಗಾಟ. ಅಳತೆ ಬಾರದಿದ್ದಾಗ ಕಾಣಲೆಂದು ಅವಳೇ ನಗುತ್ತ ಇಟ್ಟ ಗುರುತದು. ತೆಗೆಯಲು ಮರೆತಿದ್ದಳು.

ಅವಳು ಬಾಯಿ ತೆರೆಯುವಷ್ಟರಲ್ಲಿ ಗುಮಾಸ್ತನೊಬ್ಬ ಅದನ್ನು ಓದಿಕೊಂಡು, ಸುದ್ದಿ ಮುಟ್ಟಿಸಲು ಎದುರಿನ ನೌಕರರ ಕಾಲೊನಿಗೆ ಓಡಿದ್ದ. ಬಡೇಸಾಬನ ಹೆಂಡತಿ ದಾವಲಬೀ ತೊಯ್ದ ಸೀರೆಯಲ್ಲೇ ಬಂದು ನಿಂತಳು.

“ನನ್ನ ಗಂಡಗ ಏನಾಗೇತ್ರಿ ಸಾಹೇಬ್ರ?”

ಇಂಜಿನಿಯರ್ ದೇವೇಂದ್ರಪ್ಪ ಗೇಟಿಗೆ ಫೋನ್ ಹಚ್ಚಿದರು. ರಿಂಗೇ ಆಗಲಿಲ್ಲ. ರಂಜಿತಾಳತ್ತ ತಿರುಗಿದರು. “ಏನ್ರಿ ಇದು? ಮಷೀನ್ ತಪ್ಪೇನು?”

ಹೌದೆಂದಿದ್ದರೆ ಮರ್ಯಾದೆ ಉಳಿಯುತ್ತಿತ್ತು.

“ಇಲ್ರಿ ಸರ್, ನಾನ ಬರದಿದ್ದು. ಚಾಷ್ಟಿಗೆ ಇಟ್ಟಿದ್ದೆ. ಅಳತಿ ಬಂದಿಲ್ಲ ಅಂತ ಅದರ ಅರ್ಥ.”

“ಹಂಗಾದ್ರ ಜೀವಂತ ಅದಾರೇನವ್ವಾ?” ಎಂದಳು ದಾವಲಬೀ.

ಅಲ್ಲಿ ಯಂತ್ರವೇಕೆ ಸುಮ್ಮನಾಯಿತೋ ರಂಜಿತಾಳಿಗೂ ತಿಳಿಯದು. “ಗೊತ್ತಿಲ್ಲಬೇ. ನಡೀರಿ, ನಾನೂ ಬರ್ತೀನಿ.”

ಜೀಪು ಗಂಗಾವತಿ ದಾರಿ ಹಿಡಿಯಿತು. ದಾವಲಬೀ ತುಟಿ ಅಲುಗಿಸುತ್ತ ಕಂಬಿ ಹಿಡಿದು ಕುಳಿತಿದ್ದಳು. ಕಾಲುವೆ ಏರಿಯ ಕೆಸರಿನಲ್ಲಿ ಚಕ್ರ ಹೂತಾಗ ಎಲ್ಲರೂ ಇಳಿದು ಓಡಿದರು. ಕಾವಲು ಕೋಣೆ ಖಾಲಿ. ಅಳತೆಯ ಪೆಟ್ಟಿಗೆ ಇದ್ದ ಜಾಗದಲ್ಲಿ ಬೇರುಸಹಿತ ತೇಲಿಬಂದ ಜಾಲಿಮರ.

“ಯಾರ್ರೀ ಅಲ್ಲಿ? ಲಗೂನ ಕೈ ಹಚ್ಚಬರ್ರಿ!”

ಗೇಟಿನ ಆಚೆ ಬದಿಯಲ್ಲಿ ಬಡೇಸಾಬ ಉಕ್ಕುವ ನೀರು ತಡೆಯಲು ಒಬ್ಬನೇ ಗೇಟು ಇಳಿಸುವ ಚಕ್ರ ತಿರುಗಿಸುತ್ತಿದ್ದ. ಎಲ್ಲರೂ ಕೈಜೋಡಿಸಿದರು. ಗೇಟು ಇಳಿದ ಮೇಲೆ ದಾವಲಬೀ ಕೆಸರಲ್ಲೇ ಕುಸಿದು ಗಂಡನನ್ನು ಬೈಯುತ್ತ ಅತ್ತಳು. ಆಮೇಲೆ ರಂಜಿತಾಳನ್ನು ನೋಡಿದಳು.

“ಚಾಷ್ಟಿ ಮಾಡಾಕ ನನ್ನ ಗಂಡನ ಹೆಸರ ಬಾಜೂಕ ಜಾಗ ಸಿಕ್ತೇನವ್ವಾ ನಿನಗ?”

ರಂಜಿತಾ ಕೈಮುಗಿದಳು. ದಾವಲಬೀ ಮುಖ ತಿರುಗಿಸಿದಳು.

ಸಂಜೆ ರಂಜಿತಾ ಆ ಪದ ಅಳಿಸಿ ‘ಅಳತೆ ಬಂದಿಲ್ಲ’ ಎಂದು ಕನ್ನಡದಲ್ಲಿ ಬರೆದಳು. ದೇವೇಂದ್ರಪ್ಪ ಅದನ್ನು ಓದಿ, “ಬಡೇಸಾಬಗ ತೋರಸ್ರಿ. ಅವ ಹೂಂ ಅಂದ್ರ ಮುಂದಿನ ಮಾತು” ಎಂದರು.

ಮರುದಿನ ಬಡೇಸಾಬ ಹೂಂ ಎಂದ. ದಾವಲಬೀ ಮಾತ್ರ ಬಹಳ ಕಾಲ ರಂಜಿತಾಳನ್ನು ಕಂಡರೆ ರಸ್ತೆಯ ಆ ಬದಿಗೆ ಸರಿದು ಹೋಗುತ್ತಿದ್ದಳು.