ಹರಾಜಿಗಿಟ್ಟ ಸೊಟ್ಟ ಸೌತೆಕಾಯಿ

"ಖಾಲಿ ಕೊಡ ಹಿಡಿದು ಒಬ್ಬಳು ಹೆಂಗಸು ನಿಂತಿರಬೇಕು ಮಾರಾಯ್ತಿ. ಮುಖ ಕಾಣಬೇಕು. ಇಲ್ಲದಿದ್ದರೆ ನಮ್ಮ ಮಸ್ಕತ್ತಿನವರ ಕೈ ಕಿಸೆಗೆ ಹೋಗುವುದುಂಟಾ?" ಎಂದರು ಮಸ್ಕತ್ತಿನಿಂದ ರಜೆಯಲ್ಲಿ ಬಂದಿದ್ದ ಲೂಯಿಸ್.

ತಂಗಿ ಜೆನಿಟಾ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. ನೆಲ ಒರೆಸುತ್ತಿದ್ದ ಅನ್ನಪೂರ್ಣಳ ಕೈ ನಿಂತಿತು. ಆ ಹೆಂಗಸು ತಾನೇ ಎಂದು ಅವಳಿಗೆ ಗೊತ್ತಾಗಿತ್ತು.

ಕಾಪುವಿನಲ್ಲಿ, ಘಟ್ಟದ ಮೇಲಿನಿಂದ ಕೂಲಿಗೆ ಬಂದ ಅವಳ ಕಡೆಯವರ ಶೆಡ್ಡುಗಳಿಗೆ ಇರುವುದೊಂದೇ ಬಾವಿ. ಕಡಲು ಹತ್ತಿರ, ಸಂಕ್ರಾಂತಿ ಕಳೆದರೆ ನೀರೆಲ್ಲ ಉಪ್ಪು. ಮಾಡಿನ ಮೇಲೆ ಬಿದ್ದ ಮಳೆನೀರನ್ನು ಸೋಸಿ ಬಾವಿಗಿಳಿಸಿದರೆ ಸಿಹಿಯಾಗುತ್ತದಂತೆ. ಅದಕ್ಕೆ ಊರೂರಿನವರು ಚೂರುಚೂರು ಹಣ ಹಾಕಲಿ ಎಂದು, 2009ರ ಆ ಬೇಸಗೆಯಲ್ಲಿ, ಜೆನಿಟಾ ಬನ್ನಂಜೆಯ ತಮ್ಮ ಮನೆಯ ಕೋಣೆಯಲ್ಲಿ ಕೂತು ವೆಬ್‌ಸೈಟ್ ಕಟ್ಟುತ್ತಿದ್ದಳು. ಅನ್ನಪೂರ್ಣ ಒಲ್ಲೆನೆಂದರೆ ಅವಳ ಅವ್ವನಿಗೆ ಮತ್ತೊಂದು ವರ್ಷ ಉಪ್ಪುನೀರು. ಹೂಂ ಎಂದರೆ ತನ್ನ ಮುಖ ಕಂಡಕಂಡವರೆದುರು ಬೇಡುತ್ತಾ ನಿಲ್ಲಬೇಕು.

"ನಿಲ್ತೀನಿ ಅಕ್ಕಾರ," ಎಂದಳು, ತಲೆಯೆತ್ತದೆ.

ಜೆನಿಟಾ ಕುರ್ಚಿ ತಿರುಗಿಸಿದಳು. "ನಿನಗೆ ಮನಸ್ಸಿಲ್ಲ, ಅಲ್ವಾ? ಬೇಡ ಬಿಡು. ಅಣ್ಣ, ಚರ್ಚಿನ ಹಬ್ಬದಲ್ಲಿ ತರಕಾರಿ ಹರಾಜು ಹಾಕುವಾಗ ಯಾರಾದರೂ ಅಳುತ್ತಾರಾ? ನೀನು ಕೊಂಡ ಕುಂಬಳಕಾಯಿಯನ್ನು ಮತ್ತೆ ಹರಾಜು ಹಾಕಲಿ ಎಂದು ವಾಪಸ್ ಕೊಟ್ಟೆ. ಅಲೆಕ್ಸಾಂಡರ್ ಮಾಮ ಅದನ್ನೇ ಕೊಂಡು ವಾಪಸ್ ಕೊಟ್ಟರು."

"ಅದು ತಮಾಷೆಗೆ."

"ಶಾಲೆಗೆ ಹಂಚು ಬಂದದ್ದು ಆ ತಮಾಷೆಯಿಂದಲೇ."

ಮರುದಿನ ಅನ್ನಪೂರ್ಣ ಸೆರಗಿನಡಿಯಿಂದ ಒಂದು ಸೊಟ್ಟ ಸೌತೆಕಾಯಿ ತೆಗೆದು ಮೇಜಿನ ಮೇಲಿಟ್ಟಳು. ಬಾವಿಕಟ್ಟೆಯ ಬಳ್ಳಿ ಆ ಉಪ್ಪಿನಲ್ಲಿ ಬಿಟ್ಟದ್ದು ಅದೊಂದೇ. "ಇದರ ಫೋಟೋ ತಗೀರಿ ಅಕ್ಕಾರ."

ಜೆನಿಟಾ ಗಟ್ಟಿಯಾಗಿ ನಕ್ಕಳು, ಫೋಟೋ ತೆಗೆದು ಕಾಯಿಯನ್ನು ವಾಪಸ್ ಕೊಟ್ಟಳು. ಆಮೇಲೆ ಅವಳು ಕೆಲಸ ಮಾಡುವುದನ್ನು ಅನ್ನಪೂರ್ಣ ಪೊರಕೆ ಹಿಡಿದೇ ನೋಡಿದಳು. ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ 'ಬಡವರು', 'ಪಾಪ', 'ದಯವಿಟ್ಟು' ಎಲ್ಲವನ್ನೂ ಪುಟದಿಂದ ಆರಿಸಿ ತೆಗೆದಳು. ಕೊನೆಗೆ ಉಳಿದದ್ದು ಸೌತೆಕಾಯಿ, ಬಾವಿಯ ಚಿತ್ರ, ಎರಡು ಗುಂಡಿ. ಒಂದನ್ನು ಒತ್ತಿ ಹಣ ಹಾಕಿದರೆ ಕಾಯಿ ನಿಮ್ಮದು. ಇನ್ನೊಂದನ್ನು ಒತ್ತಿದರೆ ಮತ್ತೆ ಹರಾಜಿಗೆ. ಕೊಂಡವರ ಹೆಸರು ಕೆಳಗೆ ಬೀಳುತ್ತಿತ್ತು.

ಸೌತೆಕಾಯಿ ಮಸ್ಕತ್ತಿಗೆ ಹೋಯಿತು, ದುಬೈಗೆ ಹೋಯಿತು, ಕಾರ್ಕಳದ ಒಬ್ಬ ಡಾಕ್ಟರ ಕೈಗೆ ಬಂತು. "ಡಾಕ್ಟ್ರೇ, ಹುಳಿ ಮಾಡಲು ತೆಂಗಿನಕಾಯಿ ಇಲ್ಲವಾ, ವಾಪಸ್ ಕೊಟ್ಟಿರಲ್ಲ?" ಎಂದು ಒಬ್ಬರು ಅಲ್ಲೇ ಬರೆದು ಕೆಣಕಿದರು. ಡಾಕ್ಟರು ರೋಷಕ್ಕೆ ಇನ್ನೊಮ್ಮೆ ಕೊಂಡರು. ಮೊದಲ ಮಳೆಗೆ ಮುಂಚೆಯೇ ಶೆಡ್ಡುಗಳ ಮಾಡಿಗೆ ಪೈಪು ಬಂತು.

ಮುಂದಿನ ಸಂಕ್ರಾಂತಿ ಕಳೆದ ಮೇಲೆ ಲೂಯಿಸ್ ಕಾಪುವಿಗೆ ಬಂದರು. "ನಾನು ಕೊಂಡ ಸೌತೆಕಾಯಿ ಎಲ್ಲುಂಟು?"

"ಫೋಟೋ ತಗದ ದಿನಾನ ಸಾರು ಮಾಡಿ ಉಂಡ್ವಿ ಸಾಹೇಬ್ರ!" ಎಂದಳು ಅವ್ವ. ಎಲ್ಲರೂ ನಕ್ಕರು.

ಅನ್ನಪೂರ್ಣ ಬಾವಿಯಿಂದ ನೀರು ಸೇದಿ ತಂಬಿಗೆ ತುಂಬಿ ಕೊಟ್ಟಳು. ಲೂಯಿಸ್ ಒಂದು ಗುಟುಕು ಬಾಯಲ್ಲೇ ಇಟ್ಟುಕೊಂಡು ನಿಂತರು. ಆಮೇಲೆ ಗಟಗಟ ಕುಡಿದರು.

"ಎಂತ, ಉಪ್ಪುಂಟಾ?" ಎಂದು ಜೆನಿಟಾ ಕೇಳಿದಳು.

ಅವರು ತಂಬಿಗೆಯನ್ನು ಮತ್ತೆ ಮುಂದೆ ಹಿಡಿದರು. ಅನ್ನಪೂರ್ಣ ತಲೆಯೆತ್ತಿ ಅವರ ಮುಖವನ್ನೇ ನೋಡುತ್ತಾ ನೀರು ಸುರಿದಳು.